ಆಂಬ್ರೋಸ್ ಮಾರಿದ ಮೋಟಾರು

ಗಾಳಕ್ಕೆ ಹುಳು ಮಾರುವ ನನ್ನ ಅಂಗಡಿಗೆ ಟ್ವೈಲಾ ಹಾರ್ಗೆಟ್ ನುಗ್ಗಿದಾಗ ಅವಳ ಮೊಣಕೈವರೆಗೂ ಕಪ್ಪು ಎಣ್ಣೆ ಮೆತ್ತಿತ್ತು.

"ಮಿಸ್ ಇಡೆಲ್ಲಾ ಎಲ್ಲಿ? ಆಂಬ್ರೋಸ್ ಅಂಕಲ್ ನನಗೆ ಹೆಣ ಮಾರಿದ್ದಾರೆ!"

ಇಡೆಲ್ಲಾ ರಡಕ್ ಮೂವತ್ತು ವರ್ಷ ಟುಸ್ಕೋಬಾ ಸರೋವರದಲ್ಲಿ ಸರ್ಕಾರಿ ಕಾವಲುಗಾರ್ತಿಯಾಗಿ ಮೀನುಗಳ್ಳರನ್ನು ಹಿಡಿದು ನಿವೃತ್ತಳಾದವಳು. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದಳು. ಊರಿಗೆ ಬಿಡಿಸಲಾಗದ ಗಂಟೆಲ್ಲ ಅವಳ ಮುಂದೆ ಬರುತ್ತಿತ್ತು.

"ಕೂತ್ಕೊಂಡು ಹೇಳು ಮಗಳೇ," ಎಂದಳು ಇಡೆಲ್ಲಾ, ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ.

ಟ್ವೈಲಾ ಹೇಳಿದ್ದಿಷ್ಟು: ಬಾಸ್ ಮೀನು ಹಿಡಿಯುವ ತನ್ನ ದೋಣಿಗೆಂದು ಆಂಬ್ರೋಸ್ ಪಿಕೆನ್ಸರ ದೋಣಿಯ ಹಿಂಬದಿಗೆ ತಗುಲಿಸುವ, ಹತ್ತು ವರ್ಷ ಹಳೆಯ ಔಟ್‌ಬೋರ್ಡ್ ಮೋಟಾರು ಕೊಂಡಳು. ಮೊದಲು ಅವರ ದೋಣಿಯಲ್ಲೇ ಓಡಿಸಿ ನೋಡಿದ್ದಳು. ಬೆಣ್ಣೆಯ ಹಾಗೆ ಓಡಿತ್ತು. ಎರಡು ವರ್ಷದ ಹಿಂದೆ ಕಡಲತೀರದಿಂದ ಬಂದು ರಿಪೇರಿ ಷೆಡ್ಡು ಹಾಕಿದ್ದ ಲಾನಿ ಅದನ್ನು ಅಲ್ಲಿಂದಲೇ ಬಿಚ್ಚಿ ಒಯ್ದು, ಎರಡು ದಿನದ ಮೇಲೆ ಇವಳ ದೋಣಿಗೆ ಕೂರಿಸಿದ. ಆ ದಿನ ಬೆಳಿಗ್ಗೆ ಹತ್ತೇ ನಿಮಿಷಕ್ಕೆ ಕಾದು, ಬಿಗಿದು ನಿಂತಿತು.

"ದೋಣಿಕಟ್ಟೇಲಿ ಎಲ್ಲರ ಎದುರಿಗೇ ಕಳ್ಳ ಅಂತ ಕೂಗಿಬಿಟ್ಟೆ."

ನಾನೂ ನೋಡಿದ್ದೆ. ಎಪ್ಪತ್ತೆಂಟು ವರ್ಷ ಕಾಪಾಡಿಕೊಂಡು ಬಂದ ಹೆಸರು. ಮಧ್ಯಾಹ್ನದೊಳಗೆ ಜನ ಆಂಬ್ರೋಸರನ್ನು ಕಂಡು ಮುಖ ತಿರುಗಿಸತೊಡಗಿದ್ದರು.

"ಮೋಟಾರು ತಣಿಸೋ ನೀರು ಒಳಗೆ ಹರಿಯದ ಹಾಗೆ ಓಡಿಸಿದ್ಯಾ?" ಇಡೆಲ್ಲಾ ಕೇಳಿದಳು.

"ನಾನೇನು ನಿನ್ನೆ ದೋಣಿ ಹತ್ತಿದವಳಾ?"

"ಅದೇ ಮೋಟಾರು ಅಂತ ಹೇಗೆ ಗೊತ್ತು?"

"ಮುಚ್ಚಳದ ಮೇಲೆ ಅಂಕಲ್ ಅಂಟಿಸಿದ ಚರ್ಚಿನ ಚೀಟಿ ಇದೆಯಲ್ಲಾ! ನೋಡೋಕೆ ಮದುಮಗಳು. ಪ್ರೊಪೆಲರಿನ ಕೆಳಗೆ ಚಾಚಿರೋ ರೆಕ್ಕೆ ಇದೆಯಲ್ಲ, ಅದರ ಮೇಲೆ ಒಂದು ಗೀರೂ ಇಲ್ಲ."

ಇಡೆಲ್ಲಾ ಕಡಲೆಕಾಯಿ ಕೆಳಗಿಟ್ಟಳು. "ಒಂದೂ ಇಲ್ವಾ?"

ದೋಣಿಯ ಬಳಿ ಹೋಗಿ ಅವಳು ಮೋಟಾರಿನೊಳಗೆ ನೀರು ಹರಿಯುವ ದಾರಿಯನ್ನು ಬಿಚ್ಚಿದಳು. ಒಳಗೆ ಬಿಳಿ ಪುಡಿ ಕಟ್ಟಿಕೊಂಡಿತ್ತು. ಬೆರಳಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿ ಉಗಿದಳು. ಅಂಗಡಿಗೆ ಬಂದು, ಗೋಡೆಯಲ್ಲಿ ನಾನು ತೂಗುಹಾಕಿದ್ದ ಫೋಟೋಗಳ ಮುಂದೆ ನಿಂತಳು. ಕಳೆದ ವರ್ಷ ಆಂಬ್ರೋಸ್ ದೊಡ್ಡ ಬಾಸ್ ಎತ್ತಿ ಹಿಡಿದ ಫೋಟೋ. ಅವಳು ನೋಡುತ್ತಿದ್ದುದು ಮೀನನ್ನಲ್ಲ, ಹಿಂದಿದ್ದ ದೋಣಿಯ ಬಾಲದಲ್ಲಿ ನೀರಿನಿಂದ ಮೇಲೆತ್ತಿದ್ದ ಮೋಟಾರನ್ನು.

ಸಂಜೆ ಟ್ವೈಲಾ, ಆಂಬ್ರೋಸ್, ಲಾನಿ ಮೂವರನ್ನೂ ಅಂಗಡಿಗೆ ಕರೆಸಿದಳು.

"ಅಂಕಲ್, ಸಮುದ್ರ ನೋಡಿದೀರಾ?"

"ಟೀವೀಲಿ," ಎಂದರು ಆಂಬ್ರೋಸ್, ತಲೆ ಎತ್ತದೆ.

"ಈ ಮೋಟಾರು ನೋಡಿದೆ. ಒಳಗೆಲ್ಲ ಉಪ್ಪು ಕಟ್ಟಿ ನೀರಿನ ದಾರಿ ಮುಚ್ಚಿದೆ, ಕಾದದ್ದು ಅದಕ್ಕೇ. ನಮ್ಮ ಸರೋವರದ್ದು ಸಿಹಿನೀರು."

ಲಾನಿ ನಕ್ಕ. "ಅಂಕಲ್ಲೇ ಎಲ್ಲಿಂದಲೋ ತಂದು ಮಾರಿರಬಹುದು."

"ಟ್ವೈಲಾ ಓಡಿಸಿ ನೋಡಿದ್ದು ಅಂಕಲ್ ದೋಣಿಯಲ್ಲಿ. ಅದನ್ನ ಅಲ್ಲಿಂದ ಬಿಚ್ಚಿದವನು ನೀನು. ಆಮೇಲೆ ಎರಡು ದಿನ ನಿನ್ನ ಷೆಡ್ಡಿನಲ್ಲಿತ್ತು, ಅಂಕಲ್ ಕೈಗೆ ಸಿಗಲೇ ಇಲ್ಲ. ಅಂಕಲ್ ಮೋಟಾರಿನ ಮುಚ್ಚಳ ತೆಗೆದು, ಅದೇ ಮಾದರಿಯ ಕಡಲ ಮೋಟಾರಿನ ಮೇಲೆ ಕೂರಿಸಿದೆ. ಚೀಟಿ ನೋಡಿ ಎಲ್ಲರೂ ನಂಬಿದರು."

"ಸಾಕ್ಷಿ?"

"ನೀನು ಆರಿಸಿದ ಚೆಂದದ ರೆಕ್ಕೆ. ಅಣೆಕಟ್ಟು ಕಟ್ಟಿದಾಗ ಇಲ್ಲಿ ಇಡೀ ಕಾಡೇ ಮುಳುಗಿತು. ಮರದ ಮೋಟುಗಳು ಇನ್ನೂ ನೀರೊಳಗೆ ನಿಂತಿವೆ. ಇಲ್ಲಿ ಹತ್ತು ವರ್ಷ ಓಡಿದ ಪ್ರತಿ ಮೋಟಾರಿನ ರೆಕ್ಕೆಯೂ ಇಲಿ ಕಚ್ಚಿದ ರೊಟ್ಟಿ ತರ ಇರುತ್ತೆ. ಅಂಕಲ್ ಮೋಟಾರಿಂದು ಈ ಫೋಟೋದಲ್ಲಿದೆ, ಎಣಿಸು: ಮೂರು ಕಚ್ಚು. ನಿಮ್ಮ ಕಡಲಲ್ಲಿ ಗೀರಿಲ್ಲದ್ದೇ ಒಳ್ಳೆ ಮಾಲು. ಇಲ್ಲಿ ಅದು ಹೊರಗಿನವನ ಗುರುತು."

ಲಾನಿಯ ನಗು ಆರಿತು. "ಅಂಕಲ್ ಮೋಟಾರು ಷೆಡ್ಡಿನ ಮೂಲೇಲಿ ಟಾರ್ಪಾಲಿನ ಕೆಳಗಿದೆ," ಎಂದು ಬೀಗದ ಕೈ ಮೇಜಿನ ಮೇಲಿಟ್ಟ. "ತೀರದ ಒಬ್ಬರಿಗೆ ಮಾರೋಣ ಅಂತ..."

ಟ್ವೈಲಾ ಆಂಬ್ರೋಸರ ಮುಂದೆ ನಿಂತಳು. "ಅಂಕಲ್, ತಪ್ಪಾಯ್ತು."

"ಇಲ್ಲಿ ಐದೇ ಜನ ಇದ್ದೀವಮ್ಮ," ಎಂದರು ಮುದುಕ. "ನೀನು ಕೂಗಿದ್ದು ದೋಣಿಕಟ್ಟೇಲಿ."

ಅವಳು ಹೊರಗೆ ನಡೆದಳು. ದೋಣಿಗಳು ಮರಳುವ ಹೊತ್ತು. ಕಟ್ಟೆಯ ತುದಿಯ ಬೆಂಚು ಹತ್ತಿ ಬಾಯಿಯ ಸುತ್ತ ಕೈ ಹಿಡಿದು ಕೂಗಿದಳು. "ಕೇಳಿ ಎಲ್ಲರೂ! ಆಂಬ್ರೋಸ್ ಪಿಕೆನ್ಸ್ ನನಗೆ ಮಾರಿದ್ದು ಒಳ್ಳೇ ಮೋಟಾರು! ಬಾಯಿಗೆ ಬಂದ ಹಾಗೆ ಅಂದವಳು ನಾನು!"

ಒಂದೊಂದಾಗಿ ಮೋಟಾರುಗಳು ಸದ್ದಡಗಿಸಿದವು. ಆಂಬ್ರೋಸ್ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಕಣ್ಣು ಕಿರಿದಾಗಿಸಿ ನೀರಿನ ಕಡೆ ನೋಡಿದರು.

"ಇನ್ನೊಂದು ಸಲ ಹೇಳಮ್ಮ," ಎಂದು ಕೂಗಿದರು. "ಆ ಕೊನೇ ದೋಣಿಯವನಿಗೆ ಕೇಳಿಸಿಲ್ಲ."