ಮುಚ್ಚಿದ ಭುಜದ ಅಳತೆ

ಮನೆಗಳಿಗೆ ಬಣ್ಣ ಬಳಿಯೋ ಆ ಪೇಂಟರ್, ಭುಜದ ಆಪರೇಷನ್ ಆದಮೇಲೆ ಮೊದಲ ಸಲ ನನ್ನ ಫಿಸಿಯೋ ರೂಮಿಗೆ ಬಂದಾಗ ಶರ್ಟಿನ ಗುಂಡಿಗಳೆಲ್ಲ ಒಂದೊಂದು ತೂತು ತಪ್ಪಿ ಕೂತಿದ್ದವು. ಒಂದೇ ಕೈಯಲ್ಲಿ ಹಾಕಿಕೊಂಡಿದ್ದು. ಮನೇಲಿ ಹಾಕಿಕೊಡೋರು ಯಾರೂ ಇಲ್ವಾ ಅಂತ ಕೇಳಿದೆ. ಗೋಡೆಗಳಿವೆ ಅಂದ. ನಗು ಬಂತು, ಆಮೇಲೆ ಪಾಪ ಅನ್ನಿಸಿತು.

ನಮ್ಮ ಆಸ್ಪತ್ರೆಯ ಇಬ್ಬರು ಡಾಕ್ಟರಿಗೆ ಸದಾ ಜಟಾಪಟಿ. ಸ್ನಾಯುವನ್ನು ಮೂಳೆಗೆ ಕಟ್ಟೋ ಭುಜದ ಟೆಂಡನ್ ಹರಿದರೆ ಕೊಯ್ದು, ತೆರೆದು ಹೊಲಿಯೋದೇ ಗಟ್ಟಿ ಅಂತ ಹಿರಿಯರು. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಹೊಲಿದರೆ ನೋವು ಕಡಿಮೆ ಅಂತ ಕಿರಿಯರು. ಯಾರು ಸರಿ ಅಂತ ತಿಳಿಯೋಕೆ ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಕೈ ಎಷ್ಟು ಮೇಲೇಳುತ್ತೆ ಅಂತ ಅಳೆಯೋಳು ನಾನು. ಯಾರಿಗೆ ಯಾವ ಆಪರೇಷನ್ ಅಂತ ನನಗೆ ಗೊತ್ತಾದರೆ ಪಕ್ಷಪಾತ ನುಸುಳುತ್ತೆ. ಅದಕ್ಕೇ ಹೊಲಿಗೆಯ ಗುರುತು ಕಾಣದಂತೆ ಎಲ್ಲರೂ ಭುಜ ಮುಚ್ಚಿಕೊಂಡೇ ಬರಬೇಕು, ಆಪರೇಷನ್ ಸುದ್ದಿ ಎತ್ತಬಾರದು.

ಆ ಒಂದು ಸುದ್ದಿ ಬಿಟ್ಟು ಪೇಂಟರೂ ನಾನೂ ಊರ ಸುದ್ದಿಯೆಲ್ಲ ಮಾತಾಡಿದೆವು. ನನ್ನ ರೂಮಿನ ಪೇಲವ ಬಣ್ಣ ನೋಡಿ, ಗೋಡೆಗೇ ಜ್ವರ ಬಂದಂತಿದೆ ಅಂತ ರೇಗಿಸುತ್ತಿದ್ದ. ಕೈ ಹಿಡಿದು ಮೆಲ್ಲಗೆ ಎತ್ತುವಾಗ ನೋವಿಗೆ ಕಣ್ಣು ಮುಚ್ಚುತ್ತಿದ್ದ. ಆಗ ಮಾತ್ರ ನಾನು ಅವನನ್ನು ಕಣ್ತುಂಬ ನೋಡುತ್ತಿದ್ದೆ. ಸಂಜೆ ಮನೆಯಲ್ಲಿ ಒಬ್ಬಳೇ ತಟ್ಟೆ ಮುಂದೆ ಕೂತರೆ ಅವನ ಮಾತೇ ನೆನಪಾಗುತ್ತಿತ್ತು. ಫೋನಿನಲ್ಲಿ ದನಿ ಕೇಳಿಯೇ ಅಕ್ಕ ಕಂಡುಹಿಡಿದಳು. ಅವನಿಗೆ ಹೇಳಿಬಿಡೇ ಅಂದಳು. ಅಷ್ಟು ಧೈರ್ಯ ನನಗೆಲ್ಲಿತ್ತು?

ಒಂದು ದಿನ ಅಳತೆಪಟ್ಟಿ ಹಿಡಿದು, ಅವನ ಕೈ ಭುಜದ ಮಟ್ಟ ದಾಟಿದೆ ಅಂತ ಓದಿಬಿಟ್ಟೆ. ಮತ್ತೆ ನೋಡಿದೆ, ದಾಟಿರಲಿಲ್ಲ. ಪಕ್ಷಪಾತ ನನ್ನೊಳಗೇ ನುಸುಳಿತ್ತು. ಕಿರಿಯ ಡಾಕ್ಟರ ಹತ್ತಿರ ಹೋಗಿ, ಇವರ ಕೊನೆಯ ಅಳತೆ ಬೇರೆಯವರು ಮಾಡಲಿ ಅಂದೆ. ಅದಾದ ಮೇಲೆ ಅವನು ಇತ್ತ ಬರೋ ಕಾರಣವೇ ಇಲ್ಲ ಅಂತ ಗೊತ್ತಿದ್ದೇ ಅಂದೆ.

ಆ ಕೊನೆಯ ಅಳತೆಯ ದಿನ ಕ್ಯಾಂಟೀನಿನ ಮೂಲೆಯಲ್ಲಿ ಮುಖ ಮರೆಸಿಕೊಂಡು ಕೂತಿದ್ದೆ. ಹುಡುಕಿಕೊಂಡು ಬಂದ. ಮುಖ ಸಪ್ಪಗಿತ್ತು.

"ನನ್ನಿಂದ ಏನಾದರೂ ತಪ್ಪಾಯ್ತಾ?"

"ನಿಮ್ಮಿಂದಲ್ಲ. ನಿಮ್ಮ ಕೈ ಪೂರ್ತಿ ಮೇಲೇಳಲಿ ಅಂತ ನನಗೆ ತುಂಬಾ ಆಸೆ ಆಗಿಬಿಟ್ಟಿದೆ. ಅಳೆಯೋರಿಗೆ ಅದು ಇರಬಾರದು."

ಅವನು ಮೇಜು ನೋಡುತ್ತಾ ನಿಂತ. ಯಾಕಾದರೂ ಬಾಯಿ ಬಿಟ್ಟೆನೋ ಅನ್ನಿಸಿತು.

"ಇವತ್ತು ಪೂರ್ತಿ ಎದ್ದಿತು," ಅಂದ. "ಅಳೆದವರು ಬರ್ಕೊಂಡ್ರು, ಅಷ್ಟೇ. ಖುಷಿಪಡೋರು ಯಾರಾದರೂ ಬೇಕಿತ್ತು. ನಿಮ್ಮನ್ನ ಬಿಟ್ಟು ಯಾರೂ ನೆನಪಾಗಲಿಲ್ಲ."

ಎದುರಿನ ಕುರ್ಚಿಯ ಮೇಲಿಂದ ನನ್ನ ಬ್ಯಾಗ್ ತೆಗೆದೆ.