ಯಾರ ಕೈ

ತಂಗಿಗೆ ಹೊಲಿಯಲು ಬರುತ್ತಿರಲಿಲ್ಲ. ಚಿತ್ರ ಬರೆಯುತ್ತಿದ್ದಳು. ಬಟ್ಟೆ ಎತ್ತಿ ಹಿಡಿದು, ಮೈಮೇಲೆ ಅದು ಎಲ್ಲಿ ಬಿಗಿಯುತ್ತದೆ, ಎಲ್ಲಿ ಜಾರುತ್ತದೆ ಎಂದು ಹೇಳುತ್ತಿದ್ದಳು. ಆದರೆ ಸೂಜಿ ಹಿಡಿದರೆ ದಾರ ಸಿಕ್ಕಾಗುತ್ತಿತ್ತು, ಹೊಲಿಗೆ ಸೊಟ್ಟಗೆ ಎತ್ತಲೋ ಹೋಗುತ್ತಿತ್ತು. ಹೊಲಿಯುವವಳು ಅಕ್ಕ. ಅಪ್ಪ ಅಮ್ಮ ಇಲ್ಲದ ಮನೆಯನ್ನು ಆ ಹೊಲಿಗೆಯೇ ನಡೆಸುತ್ತಿತ್ತು. ಹೊಸ ಫ್ಯಾಷನ್ ಡಿಸೈನರ್‌ಗಳ ಸ್ಪರ್ಧೆಯಲ್ಲಿ ತಂಗಿಯನ್ನು ಫೈನಲ್‌ವರೆಗೆ ತಂದು ನಿಲ್ಲಿಸಿದ್ದೂ ಅದೇ. ನಿಯಮದ ಪ್ರಕಾರ ಪ್ರತಿ ಹೊಲಿಗೆಯೂ ಸ್ಪರ್ಧಿಯದೇ ಆಗಿರಬೇಕಿತ್ತು. ಅದನ್ನು ಇಬ್ಬರೂ ಓದಿರದವರಂತೆ ಇದ್ದರು.

ಫೈನಲ್ಲಿನ ಗೌನಿಗೆ ತಂಗಿ ಆರಿಸಿದ್ದು ಸತ್ತುಹೋದ ದೊಡ್ಡಮ್ಮನ ಟ್ರಂಕಿನಲ್ಲಿದ್ದ ಕಪ್ಪು ಬಟ್ಟೆ. ದೀಪದ ಬೆಳಕು ಅದರ ಮೇಲೆ ಬಿದ್ದು ವಾಪಸ್ ಬರುತ್ತಿರಲಿಲ್ಲ. ಬಿಚ್ಚಿದ ಕೂಡಲೇ ಕೋಣೆಯಲ್ಲಿ ಸುಟ್ಟ ಕೂದಲಿನ ವಾಸನೆ ಎದ್ದಿತು. ಅಂಚಿನುದ್ದಕ್ಕೂ ದಾರದ ಜೊತೆ ಉದ್ದನೆಯ ನರೆಗೂದಲು ಹೆಣೆದುಕೊಂಡಿತ್ತು.

“ಇದು ಬೇಡ ಪುಟ್ಟಿ,” ಅಂದಳು ಅಕ್ಕ. “ದೊಡ್ಡಮ್ಮ ಇದಕ್ಕೆ ಮಾಟ ಮಾಡಿಟ್ಟಿದಾರೆ. ಅವರು ಹೊಲಿದಿದ್ದನ್ನೆಲ್ಲ ಅಂಗಡಿ ಯಜಮಾನಿ ತನ್ನ ಕೈ ಅಂತ ಹೇಳ್ಕೊಂಡು ಮೆರೀತಿದ್ಳು. ಆ ಹೊಟ್ಟೆಉರೀಲಿ ಮಾಡಿದ್ದು.”

ಹೊಲಿಯುವವರ ಮಾತಿನಲ್ಲಿ ಕೈ ಎಂದರೆ ಹೊಲಿಗೆ. ಚೆನ್ನಾಗಿ ಕೂತ ತೋಳು ಕಂಡರೆ ‘ಇದು ಯಾರ ಕೈ’ ಎಂದೇ ಕೇಳುವುದು.

“ಹಾಕ್ಕೊಂಡ್ರೆ ಏನಾಗುತ್ತಂತೆ? ದಪ್ಪ ಆಗ್ತಾರಾ?”

“ನಗಬೇಡ. ಈ ಬಟ್ಟೆ ಎದುರಿಗೆ ಬೇರೆಯವರ ಕೈನ ನನ್ನದು ಅನ್ನಬಾರದು. ಅಂದ್ರೆ ಬಟ್ಟೆ ಅದನ್ನ ನಿಜ ಮಾಡುತ್ತೆ.”

“ಒಳ್ಳೇದೇ ಆಯ್ತಲ್ಲ. ಪುಕ್ಕಟೆ ಹೊಲಿಗೆ ಕಲಿತ ಹಾಗಾಗುತ್ತೆ.”

ಅಕ್ಕ ಬಟ್ಟೆ ಮಡಚಿ ಮತ್ತೆ ಟ್ರಂಕಿಗೆ ಹಾಕಿದಳು. ತಂಗಿ ಮುಖ ಊದಿಸಿಕೊಂಡು ಊಟ ಬಿಟ್ಟಳು. ಕೊನೆಗೆ ಯಾವಾಗಲೂ ಸೋಲುವ ಹಾಗೆ ಅಕ್ಕನೇ ಸೋತು ಕತ್ತರಿ ಎತ್ತಿಕೊಂಡಳು.

“ಯಾರಾದ್ರೂ ಕೇಳಿದ್ರೆ ನಕ್ಕುಬಿಡು. ಬಾಯಲ್ಲಿ ಹೇಳ್ಬೇಡ. ತಪ್ಪಿ ಅಂದುಬಿಟ್ರೂ, ಆ ಕೈಯಿಂದ ಒಂದು ಹೊಲಿಗೆ ಬೀಳೋ ಮುಂಚೆ ಸುಳ್ಳು ಅಂತ ಒಪ್ಕೊ. ಬಿದ್ಮೇಲೆ ಏನೂ ಮಾಡಕ್ಕಾಗಲ್ಲ.”

“ಆಯ್ತಮ್ಮ ತಾಯಿ.”

ಫೈನಲ್ ದಿನ ವೇದಿಕೆಯ ಹಿಂದಿನ ಕೋಣೆಯಲ್ಲಿ ಇಸ್ತ್ರಿಯ ಹಬೆ, ಹೇರ್ ಸ್ಪ್ರೇ, ಬೆವರು. ಗೌನು ತೊಟ್ಟ ಮಾಡೆಲ್ ಕನ್ನಡಿಯ ಮುಂದೆ ನಿಂತು ಮೂಗು ಮುಚ್ಚಿಕೊಂಡಳು.

“ಏನಿದು ವಾಸನೆ? ಯಾರ ತಲೆ ಸುಟ್ರಿ?”

“ನಿಂದು ಇನ್ನೂ ಸುಟ್ಟಿಲ್ಲ, ನೆಟ್ಟಗೆ ನಿಂತ್ಕೊ,” ಎಂದಳು ತಂಗಿ. ಹಚ್ಚಿಕೊಂಡಿದ್ದ ನೇರಳೆ ಬಣ್ಣದ ನೇಲ್ ಪಾಲಿಶ್ ಒಣಗಲೆಂದು ಬೆರಳುಗಳನ್ನು ಊದಿಕೊಳ್ಳುತ್ತಿದ್ದಳು.

ಗೆದ್ದವರಿಗೆ ಬಹುಮಾನವಾಗಿ ಸ್ವಂತ ಹೆಸರಿನ ಮಳಿಗೆ ಇತ್ತು. ತಂಗಿ ಬೋರ್ಡಿನ ಅಕ್ಷರವನ್ನೂ ಬರೆದಿಟ್ಟಿದ್ದಳು. ಅದರಲ್ಲಿ ಅಕ್ಕನ ಹೆಸರಿರಲಿಲ್ಲ.

ಸಭಾಂಗಣದ ದೀಪಗಳು ಆರಿದವು. ವೇದಿಕೆಯ ಬೆಳಕಿನಲ್ಲಿ ಗೌನು ಬಂದಾಗ ಕತ್ತಲೆಯೇ ಸೊಂಟ ಬಳುಕಿಸಿ ನಡೆದ ಹಾಗಿತ್ತು. ಜನ ಮಾತು ನಿಲ್ಲಿಸಿದರು. ವಯಸ್ಸಾದ ತೀರ್ಪುಗಾರ್ತಿ ಎದ್ದು ಬಂದು, ಗೌನಿನ ಕೆಳಮಡಿಕೆ ಎತ್ತಿ, ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಇಷ್ಟು ಸಣ್ಣ ಹೊಲಿಗೆ ನೋಡಿ ಎಷ್ಟು ಕಾಲ ಆಯ್ತು. ಯಾರ ಕೈ ಇದು?”

ಗೌನಿನ ಪಕ್ಕ ಬಂದು ನಿಂತಿದ್ದ ತಂಗಿ ನಕ್ಕಳು.

“ನಕ್ಕರೆ ಜನಕ್ಕೆ ಕೇಳಿಸಲ್ಲ. ಮೈಕಲ್ಲಿ ಹೇಳಮ್ಮ.”

ಮುಂದಿನ ಸಾಲಿನಲ್ಲಿ ಅಕ್ಕ ಇದ್ದಳು. ಬೇಡ ಎಂಬಂತೆ ತಲೆ ಆಡಿಸಿದಳು. ತಂಗಿ ಅತ್ತ ನೋಡಿ, ಮತ್ತೆ ಇತ್ತ ನೋಡಿದಳು.

“ನನ್ನ ಕೈ.”

ಮೈಕು ಕೀರಲಿಟ್ಟಿತು. ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಇಳಿಯಿತು. ಮಣಿಕಟ್ಟಿನ ಸುತ್ತ ಯಾರೋ ತಣ್ಣನೆಯ ದಾರ ಸುತ್ತಿದರು. ಬಿಗಿದರು. ಎಳೆದರು. ತಂಗಿ ತಲೆ ಬಗ್ಗಿಸಿ ನೋಡಿದಳು. ನೇರಳೆ ಬಣ್ಣ ಇರಲಿಲ್ಲ. ಒತ್ತಿ ಕತ್ತರಿಸಿದ ಉಗುರು. ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ತೋರುಬೆರಳು. ಹೆಬ್ಬೆರಳ ಬುಡದಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಅರ್ಧಚಂದ್ರದ ಕಲೆ. ಆ ಕಲೆ ಅವಳಿಗೆ ಗೊತ್ತಿತ್ತು. ಅವಳ ಕಾಲೇಜಿನ ಮೊದಲ ದಿನ, ಅವಳ ಬಟ್ಟೆಗೆ ಇಸ್ತ್ರಿ ಹಾಕುವಾಗ ಆದದ್ದು.

ಕೆಳಗೆ ಅಕ್ಕ ತನ್ನೆರಡು ಕೈಗಳನ್ನು ಮುಖದ ಮುಂದೆ ಹಿಡಿದು ನೋಡುತ್ತಿದ್ದಳು. ಹತ್ತು ಉಗುರುಗಳೂ ನೇರಳೆ.

“ಇಲ್ಲೊಂದು ಚೂರು ಬಿಟ್ಟುಕೊಂಡಿದೆ,” ಎಂದು ತೀರ್ಪುಗಾರ್ತಿ ಸೂಜಿ ಚಾಚಿದಳು. “ಒಂದು ಹೊಲಿಗೆ ಹಾಕು, ನೋಡೋಣ.”

“ಪುಟ್ಟಿ,” ಎಂದಳು ಅಕ್ಕ. ಕೂಗಲಿಲ್ಲ. “ಹೇಳಿಬಿಡು.”

ಎರಡು ಮಾತು ಸಾಕಿತ್ತು. ಅಕ್ಕನ ಕೈ. ಮೈಕು ತುಟಿಗೆ ತಾಗುವಷ್ಟು ಹತ್ತಿರ ಇತ್ತು. ಹೇಳಿದರೆ ಸ್ಪರ್ಧೆಯಿಂದ ಹೊರಗೆ. ಮಳಿಗೆ ಇಲ್ಲ. ಬೋರ್ಡು ಇಲ್ಲ. ತಂಗಿ ಸೂಜಿ ತೆಗೆದುಕೊಂಡಳು.

ಚುಚ್ಚಿದಳು. ಎಳೆದಳು. ಕೈ ತಾನೇ ಓಡಿತು. ನಿಲ್ಲಿಸಬೇಕೆಂದುಕೊಂಡಳು. ನಿಲ್ಲಲಿಲ್ಲ. ಬಿಟ್ಟುಕೊಂಡಿದ್ದು ಮುಚ್ಚಿತು, ಗಂಟು ಬಿತ್ತು, ದಾರ ತುಂಡಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕ ತಟ್ಟಲಿಲ್ಲ.

ಗೆದ್ದ ಮೇಲೆ ತಂಗಿ ಹಿಂದಿನ ಕೋಣೆಗೆ ಓಡಿ, ಮಾಡೆಲ್ ಕಳಚಿಟ್ಟ ಗೌನಿಗೆ ಮುಖ ಒತ್ತಿ, “ಇದು ನನ್ನ ಅಕ್ಕನ ಕೈ, ನಂದಲ್ಲ,” ಎಂದು ದನಿ ಬೀಳುವವರೆಗೆ ಹೇಳಿದಳು. ಬಟ್ಟೆ ಬರೀ ಬಟ್ಟೆಯ ಹಾಗೆ ತೂಗುತ್ತಿತ್ತು. ವಾಸನೆಯೂ ಹೋಗಿತ್ತು.

ಮನೆಯಲ್ಲಿ ಅಕ್ಕ ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಸೂಜಿಯ ಕಣ್ಣು ತಪ್ಪಿ ಆಚೆ ಈಚೆ ಹೋಗುತ್ತಿತ್ತು. ಜನ ಕೊಟ್ಟ ಬಟ್ಟೆಗಳು ಯಂತ್ರದ ಪಕ್ಕದಲ್ಲಿ ರಾಶಿ ಬಿದ್ದಿದ್ದವು.

“ಕೊಡಕ್ಕ, ನಾನು ಹೊಲಿದುಕೊಡ್ತೀನಿ.”

“ನಿಮ್ಮ ಕೈ ಅಲ್ವಾ,” ಅಂದಳು ಅಕ್ಕ. “ನಿಮ್ಮಿಷ್ಟ.”

ಅಕ್ಕ ಅವಳನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಮುಂದೆಯೂ ಹಾಗೇ ಕರೆದಳು.

ಮಳಿಗೆಯ ಮೊದಲ ಗಿರಾಕಿ ಹೊಸ ವಿನ್ಯಾಸ ಕೇಳಿದಾಗ ತಂಗಿ ಪೆನ್ಸಿಲ್ ಹಿಡಿದಳು. ಗೆರೆ ಮೂಡಲಿಲ್ಲ. ಅಕ್ಕನ ಕೈಗೆ ಚಿತ್ರ ಬರೆಯಲು ಎಂದೂ ಬಂದಿರಲಿಲ್ಲ.

ಮೈ ಸುಡುವ ಹಾಗನಿಸಿ ಒಂದು ಮಧ್ಯಾಹ್ನ ತಂಗಿ ಹಣೆ ಮುಟ್ಟಿಕೊಂಡಳು. ಚಿಕ್ಕಂದಿನಿಂದ ಜ್ವರ ನೋಡುತ್ತಿದ್ದ ಅದೇ ಒರಟು ಅಂಗೈ. ಅದು ಹಣೆಯಿಂದ ಕೂದಲಿಗೆ ಸರಿದು, ಅವಳು ಕೇಳದೆಯೇ, ಮೆಲ್ಲಗೆ ಸವರಿತು. ತಂಗಿ ಅದನ್ನು ಎರಡು ತೊಡೆಗಳ ಸಂದಿಯಲ್ಲಿ ಒತ್ತಿ ಹಿಡಿದು ಕೂತಳು.

ಹೋದದ್ದು ಇಷ್ಟು. ಅಕ್ಕನ ಹೊಲಿಯುವ ಕೈ ಎರಡು. ತಂಗಿಯ ಬರೆಯುವ ಕೈ ಎರಡು. ಪುಟ್ಟಿ ಎಂದು ಕರೆಯುತ್ತಿದ್ದವಳು ಒಬ್ಬಳು.