ಸೃಷ್ಟಿ ಟೀಚರ್ ಗೇಟು ದಾಟಿದ ದಿನ

ಹೃಷೀಕೇಶನಂಥ ಚೆಲುವ ಬೆಳಗಾವಿ ಜಿಲ್ಲೆಯಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ! ಅವನು ಒಮ್ಮೆ ನಕ್ಕರೆ ಸಾಕು, ಖಾನಾಪುರದಲ್ಲಿ ಕರೆಂಟ್ ಹೋದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗುನುಗಿದರಂತೂ ಕಾಡುಕೋಣಗಳು ರಸ್ತೆಯ ಬದಿಗೆ ಸಾಲಾಗಿ ನಿಂತು ತಲೆದೂಗುತ್ತಿದ್ದವು.

ನಗಬೇಡಿ. ಕಂಡವರಿದ್ದಾರೆ.

ಅಂಥವನನ್ನು ಸೃಷ್ಟಿ ಮೊದಲ ಭೇಟಿಯಲ್ಲೇ ಹೊರಗೆ ಹಾಕಿದಳು!

ಭೇಟಿ ಅಂದರೆ ಎದುರುಬದುರು ಅಲ್ಲ. ಅವಳು ರಾಮತೀರ್ಥ ನಗರದ ತನ್ನ ಕೋಣೆಯಲ್ಲಿ, ಲ್ಯಾಪ್‌ಟಾಪ್ ಮುಂದೆ. 'ಮಲಪ್ರಭಾ ಯುವ ಗಾಯನವೃಂದ'ದ ಆನ್‌ಲೈನ್ ಕ್ಲಾಸು ನಡೆದಿತ್ತು. ಪರದೆಯ ತುಂಬ ಚಿಕ್ಕ ಚಿಕ್ಕ ಚೌಕಗಳು, ಚೌಕಕ್ಕೊಂದು ಮುಖ. ಖಾನಾಪುರ ತಾಲೂಕಿನ ಊರೂರಿನ ಮಕ್ಕಳು. ಎಲ್ಲರ ಮೈಕೂ ಬಂದ್.

ಇದ್ದಕ್ಕಿದ್ದಂತೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು... ಧಡಾರ್! ಹಲಸಿಯ ತನ್ಮಯಿ ಎಂಬ ಹುಡುಗಿ ಹೆದರಿ ಕೈಲಿದ್ದ ಫೋನನ್ನೇ ಕೆಡವಿದಳು.

"ಯಾರ್ರೀ ಅದು? ಮೈಕ್ ಬಂದ್ ಮಾಡ್ರಿ!"

"ಮೇಡಮ್, ನಾ ಹೃಷೀಕೇಶ ಅಂತ... ಉದ್ಯಮಬಾಗದಿಂದ..."

"ಇದು ಹಾಡಿನ ಕ್ಲಾಸ್ ಐತ್ರಿ, ಫೌಂಡ್ರಿ ಅಲ್ಲ!"

"ನಾ ಫೌಂಡ್ರಿನ್ಯಾಗ ಅದೀನಲ್ರಿ, ಏನ್ ಮಾಡೂದು..."

ಒಂದೇ ಒತ್ತು. ಅವನ ಚೌಕ ಮಾಯ! ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು.

ಕ್ಲಾಸು ಮುಗಿದ ಮೇಲೆ ವೃಂದ ನಡೆಸುವ ಸಂಸ್ಥೆಯವರ ಫೋನು ಬಂತು. "ಸೃಷ್ಟಿ ಮೇಡಮ್, ಮಕ್ಕಳ ಹಾಡು ಜೋಡಸಾಕ ಒಬ್ಬ ಹುಡುಗನ್ನ ಗೊತ್ತು ಮಾಡೇವ್ರಿ. ಹೃಷೀಕೇಶ ಅಂತ. ಮಾತಾಡಿದ್ನಿಲ್ಲ?"

ಅಯ್ಯೋ ಶಿವನೇ!

ಆನ್‌ಲೈನಿನಲ್ಲಿ ಒಂದು ವೃಂದ ಕೂಡಿ ಹಾಡಲಾರದು. ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ಹಾಗಾಗಿ ಮೊದಲು ಸೃಷ್ಟಿ ಒಬ್ಬಳೇ ಹಾಡಿ ಕಳಿಸುವಳು. ಅದಕ್ಕೆ ಗೈಡ್ ಟ್ರ್ಯಾಕ್ ಎನ್ನುತ್ತಾರೆ. ಅದನ್ನು ಕಿವಿಯಲ್ಲಿಟ್ಟುಕೊಂಡು ಪ್ರತಿ ಮಗುವೂ ತನ್ನ ಮನೆಯಲ್ಲಿ ಒಂಟಿಯಾಗಿ ಹಾಡಿ ಕಳಿಸುವುದು. ಹೃಷೀಕೇಶ ಎಲ್ಲ ದನಿಗಳನ್ನೂ ಒಂದರ ಪಕ್ಕ ಒಂದಿಟ್ಟು ಹೊಲಿದು, ಕೊನೆಗೆ ಸೃಷ್ಟಿಯ ದನಿಯನ್ನು ತೆಗೆದುಬಿಡಬೇಕು.

'ನನ್ನ ದನಿ ಹೊರಗ ಹೋಗಬಾರ್ದು.' ಇದು ಅವಳು ಹಾಕಿದ್ದ ಒಂದೇ ಷರತ್ತು.

ಯಾಕೆ?

ಹಿಂದೊಮ್ಮೆ ತುಂಬಿದ ಸಭೆಯಲ್ಲಿ ಹಾಡುತ್ತಿದ್ದಾಗ ಅವಳ ಉಸಿರು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ದನಿ ಹೊರಡಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಅವಳು ವೇದಿಕೆ ಹತ್ತಲಿಲ್ಲ. ಆಮೇಲೆ ಪೇಟೆಗೆ ಹೋಗಲಿಲ್ಲ. ಆಮೇಲೆ ಓಣಿಯ ತಿರುವಿನ ಅಂಗಡಿಯೂ ದೂರವಾಯಿತು. ಈಗ ಗೇಟಿನ ಚಿಲಕಕ್ಕೆ ಕೈ ಹಾಕಿದರೆ ಎದೆ ಡವಡವ, ಅಂಗೈ ಒದ್ದೆ, ಕಾಲು ಹಿಂದಕ್ಕೆ.

"ಮನ್ಯಾಗ ಕುಂತ ಎಷ್ಟ ಮಕ್ಕಳಿಗೆ ಕಲಸ್ತಾಳ ನಿಮ್ಮ ಮಗಳು!" ಎಂದು ನೆರೆಯವರು ಹೊಗಳುವಾಗ ತಾಯಿ ನಾಗರತ್ನಾ ಸುಮ್ಮನೆ ನಗುತ್ತಿದ್ದರು. ಅದು ಮನೆಯಲ್ಲ, ಸೆರೆ ಎಂದು ಅವರಿಬ್ಬರಿಗೇ ಗೊತ್ತು. ಆನ್‌ಲೈನ್ ಕ್ಲಾಸು ಆ ಸೆರೆಗೆ ಒಳ್ಳೆಯ ಹೆಸರು ಕೊಟ್ಟಿತ್ತು, ಅಷ್ಟೇ.

ದಿನಗಳು ಉರುಳಿದವು. ಹಾಡಿನ ಮಾತಿಗೆಂದು ಬರುತ್ತಿದ್ದ ಫೋನು ಬರಬರುತ್ತಾ ಊಟದ ಮಾತಿಗೂ ಬರತೊಡಗಿತು.

"ಇವತ್ತ ಏನ್ ಮಾಡೀರಿ ಮೇಡಮ್?"

"ಝುಣಕಾ, ಭಕ್ರಿ. ನೀವು?"

"ನಾ ಡಬ್ಬಿ ಮರತ ಬಂದೇನಿ. ನಿಮ್ಮ ಝುಣಕಾದ ಹೆಸರ್ ಕೇಳೇ ಹೊಟ್ಟಿ ತುಂಬಸಬೇಕು."

ಅವಳು ನಕ್ಕಳು. ಎಷ್ಟು ಕಾಲವಾಗಿತ್ತೋ ಹಾಗೆ ನಕ್ಕು! 'ಇವನ ಫೋನು ಬಂದಾಗ ಈ ಗೋಡಿ ಒಂದೀಟ ದೂರ ಸರೀತಾವಲ್ಲ...'

ಒಂದು ಸಂಜೆ ಅವನೇ ಹೊಸ ಮೈಕ್ ಹಿಡಿದು ಗೇಟಿಗೆ ಬಂದ.

"ಸೃಷ್ಟಿ, ಆ ಹುಡುಗ ಬಂದಾನ. ಒಳಗ ಕರೀಲೇನು?" ತಾಯಿ ಕೇಳಿದರು.

"ಬ್ಯಾಡವ್ವಾ! ನನಗ ಆರಾಮಿಲ್ಲ ಅಂತ ಹೇಳು."

ಕಿಟಕಿಯ ಪರದೆಯ ಸಂದಿಯಿಂದ ನೋಡಿದಳು. ಬಿಸಿಲಿಗೆ ಕಂದಿದ ಕೊರಳು, ಕಬ್ಬಿಣದ ಧೂಳು ಹಿಡಿದ ಅಂಗಿ. ಮೈಕಿನ ಡಬ್ಬಿಯನ್ನು ಮಾತ್ರ ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಬಾಗಿಲು ತೆರೆದು ಅಂಗಳಕ್ಕೆ ಇಳಿದರೆ ಸಾಕಿತ್ತು. ಇಳಿಯಲಾಗಲಿಲ್ಲ. ಅವನು ಹೋದ ಮೇಲೆ ಕಿಟಕಿಯ ಸರಳಿಗೆ ಹಣೆ ಒತ್ತಿ ಬಹಳ ಹೊತ್ತು ನಿಂತಳು.

ಮೊದಲ ಹಾಡು ಸಿದ್ಧವಾಗಿ ಪಾಲಕರ ಗ್ರೂಪಿಗೆ ಹೋಯಿತು. ಹೊಗಳಿಕೆಯ ಮಳೆ! ಖಾನಾಪುರದ ಸ್ಟೇಷನ್ನಿನಲ್ಲಿ ರೈಲುಗಳು ಹಾಡು ಮುಗಿಯುವ ತನಕ ಹೊರಡಲಿಲ್ಲವಂತೆ. ಆದರೆ ಸೃಷ್ಟಿ ಕೇಳುತ್ತ ಕೇಳುತ್ತ ಬಿಳಿಚಿಕೊಂಡಳು. ಮಕ್ಕಳ ದನಿಗಳ ತಳದಲ್ಲಿ, ಮೆಲ್ಲಗೆ, ಸ್ಪಷ್ಟವಾಗಿ... ಅವಳದೇ ದನಿ!

ಫೋನು ಹಚ್ಚಿದಳು.

"ನನ್ನ ಕೇಳದ ನನ್ನ ದನಿ ಯಾಕ ಇಟ್ರಿ?"

"ತಗದ ನೋಡಿದ್ನಿರಿ. ಹಾಡು ಕುಂಟತೈತಿ. ಆ ಮಕ್ಕಳು ಉಸಿರು ತಗೊಳ್ಳೂದೂ ನೀವು ತಗೊಂಡ ಜಾಗಾದಾಗ..."

"ನನಗ ಬ್ಯಾಡ ಅಂದಿದ್ದೆ!"

"ಅಷ್ಟ ಚಲೋ ದನಿ ಯಾಕ ಮುಚ್ಚಿ ಇಡ್ತೀರಿ? ಖರೇ ಹೇಳ್ರಿ, ನೀವು ಹೊರಗ ಯಾಕ ಬರೂದಿಲ್ಲ?"

'ಇವನಿಗೆ ಗೊತ್ತೈತಿ. ಗೊತ್ತಿದ್ದೂ ನನ್ನ ಎಲ್ಲಾರ ಮುಂದ ನಿಲ್ಲಿಸ್ಯಾನ... ಮತ್ತ ನಗಲಿ ಅಂತ!'

"ಇನ್ನ ಮ್ಯಾಲ ಫೋನ್ ಮಾಡಬ್ಯಾಡ್ರಿ."

ಅವನು ಮಾಡಲಿಲ್ಲ. ಅದೂ ಅವಳಿಗೆ ಸಂಕಟವೇ. ಗೋಡೆಗಳು ಮೊದಲಿಗಿಂತ ಹತ್ತಿರ ಬಂದವು.

ಅಷ್ಟರಲ್ಲಿ ಸಂಸ್ಥೆಯವರು ಹೊಸ ಮಾತು ತಂದರು. ಮಕ್ಕಳೆಲ್ಲ ಖಾನಾಪುರದ ಸಭಾಭವನದಲ್ಲಿ ಮೊದಲ ಬಾರಿಗೆ ಎದುರುಬದುರು ನಿಂತು ಹಾಡಬೇಕು. ಟೀಚರ್ ಬಂದು ನಿಲ್ಲಬೇಕು. ಬರದಿದ್ದರೆ ವೃಂದವನ್ನು ಬೇರೆಯವರ ಕೈಗೆ ಕೊಡುತ್ತಾರೆ.

"ಪರದೆ ಮ್ಯಾಲಿಂದ ಹಾಡಸ್ತೀನ್ರಿ," ಎಂದು ಬೇಡಿಕೊಂಡಳು. ಒಂದು ರವಿವಾರ ತಾಲೀಮು ಇಟ್ಟು ನೋಡಿದರು.

ಸಭಾಭವನದ ದೊಡ್ಡ ಪರದೆಯ ಮೇಲೆ ಸೃಷ್ಟಿ ಕೈ ಎತ್ತಿದಳು. ಅವಳ ಕೈ ಅಲ್ಲಿ ತಡವಾಗಿ ಎದ್ದಿತು. ಕೆಲವರು ಕೈ ನೋಡಿ ಹಾಡಿದರು, ಕೆಲವರು ಪಕ್ಕದವರನ್ನು ಕೇಳಿ ಹಾಡಿದರು. ಎರಡನೇ ಸಾಲಿಗೆ ಹಾಡು ಚೂರುಚೂರು. ಅವಳು ತಾಳ ಬಿಗಿ ಮಾಡಿದಷ್ಟೂ ಅವರು ದಿಕ್ಕು ತಪ್ಪಿದರು.

ಕೊನೆಗೆ ತನ್ಮಯಿ ಪರದೆಯ ಹತ್ತಿರ ಬಂದಳು. ಮುಖ ಅಳುವಂತಿತ್ತು.

"ಟೀಚರ್, ನಿಮ್ಮ ಕೈ ನಮಗ ಲಗೂನ ಕಾಣವಲ್ತು. ನೀವಽ ಬರ್ರೆಲಾ..."

ಸೃಷ್ಟಿ ಲ್ಯಾಪ್‌ಟಾಪ್ ಮುಚ್ಚಿದಳು. ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಳು. ಎಂದೂ ಇಲ್ಲದಂತೆ ಅತ್ತಳು.

ಮುಂದಿನ ರವಿವಾರ ಕಾರ್ಯಕ್ರಮ. ಮುಂಜಾನೆ ಅವಳು ಸೀರೆ ಉಟ್ಟು ಅಂಗಳದಲ್ಲಿ ನಿಂತಿದ್ದಳು. ಮುಂದೆ ಗೇಟು. ಕಾಲು ಏಳಲೊಲ್ಲದು...

ಆಗ ಕೇಳಿತು ನೋಡಿ, ಗುಡುಗು! ಗುಡುಗಲ್ಲ, ಹೃಷೀಕೇಶನ ಬುಲೆಟ್ಟು! ಇಡೀ ರಾಮತೀರ್ಥ ನಗರದ ನಾಯಿಗಳು ಸಲಾಮು ಹೊಡೆದವು. ಗೇಟಿನ ಮೇಲಿಂದಲೇ ಗಾಡಿ ಹಾರಿಸಿದ ನಮ್ಮ ವೀರ, "ಸೃಷ್ಟಿ, ನಾನಿರೂ ತನಕ ನಿನಗ ಯಾರ ಅಂಜಿಕಿ!" ಎಂದು ಅವಳನ್ನು ಹೂವಿನಂತೆ ಎತ್ತಿ ಹಿಂದೆ ಕೂರಿಸಿಕೊಂಡು, ಕಣ್ಣು ಮಿಟುಕಿಸುವುದರಲ್ಲಿ ಖಾನಾಪುರ ಮುಟ್ಟಿ...

"ಏನ್ರೀ ಇದು?"

...ಮುಟ್ಟಿ, ಅಲ್ಲಿ ನೆರೆದಿದ್ದ ಲಕ್ಷ ಜನ...

"ಲಕ್ಷ ಜನ! ಬುಲೆಟ್ ಅಂತ! ಎಂದ್ ತಗೊಂಡ್ರಿ ಬುಲೆಟ್? ನಿಮ್ಮ ಹಳೇ ಗಾಡಿ ಅವತ್ತ ಚಾಲೂನ ಆಗಿರಲಿಲ್ಲ. ಆ ಫೋನ್ ಇಲ್ಲಿ ಕೊಡ್ರಿ."

ಓದುಗರೇ, ಸಿಕ್ಕಿಬಿದ್ದೆ. ಇಷ್ಟು ಹೊತ್ತು ನಾನು ಫೋನಿನಲ್ಲಿ ಬರೆಯುವುದನ್ನು ನನ್ನ ಹೆಗಲ ಮೇಲಿಂದ ಓದುತ್ತಿದ್ದವಳು ಸೃಷ್ಟಿಯೇ. ನಾನು ಹೃಷೀಕೇಶ. ಅವಳ ಗಂಡ.

"ನೀ ಮನಸ್ನ್ಯಾಗ ಅಂದದ್ದೆಲ್ಲಾ ಬರೋಬರ್ ಬರದೇನೋ ಇಲ್ಲೋ?"

"ಅದನ್ನೆಲ್ಲಾ ನಾನಽ ನಿಮಗ ಹೇಳಿದ್ದು. ಈಗ ಗೇಟಿನ ಹತ್ರ ಆದದ್ದು ಖರೇ ಬರೀರಿ. ನಾ ಇಲ್ಲೇ ಕುಂದರತೀನಿ."

ಆಯಿತು. ಖರೇ ಬರೆಯುತ್ತೇನೆ.

ಅವತ್ತು ನಾನು ಬಸ್ಸಿನಲ್ಲಿ ಬಂದಿದ್ದೆ. ಅವಳ ಗೇಟಿನ ಹೊರಗೆ ನಿಂತೆ. ಬೆಲ್ ಒತ್ತಲು ಧೈರ್ಯ ಸಾಲಲಿಲ್ಲ. 'ಫೋನ್ ಮಾಡಬ್ಯಾಡ್ರಿ' ಎಂದವಳ ಮುಂದೆ ಏನೆಂದು ಹೋಗಲಿ? ಒಳಗೆ ಅವಳು ಚಿಲಕ ಹಿಡಿದು ನಿಂತಿದ್ದಳಂತೆ. ನಡುವೆ ಒಂದು ತಗಡಿನ ಗೇಟು. ಇಬ್ಬರಿಗೂ ಇನ್ನೊಬ್ಬರಿರುವುದು ತಿಳಿಯದು.

ಚಿಲಕ ತೆಗೆದವಳು ಅವಳು. ನಾನಲ್ಲ.

ನನ್ನನ್ನು ಕಂಡು ಬೆಚ್ಚಿದಳು. ತುಟಿಗೆ ಬಣ್ಣವೇ ಇರಲಿಲ್ಲ.

"ನಿಮ್ಮ ದನಿ... ತಪ್ಪಾತ್ರಿ. ಕೇಳಿ ಇಡಬೇಕಾಗಿತ್ತು," ಎಂದೆ.

"ಈಗ ಮಾತಾಡಬ್ಯಾಡ್ರಿ. ಬಸ್ ಸ್ಟಾಪ್ ತನಕ ನನ್ನ ಬಾಜು ನಡೀರಿ. ಅಷ್ಟ ಸಾಕು."

ನಡೆದೆವು. ತಿರುವಿನಲ್ಲಿ ಅವಳು ಹಿಂದಕ್ಕೆ ಹೊರಟಳು. ನಾನು ಕರೆಯಲಿಲ್ಲ. ಗೋಡೆ ಹಿಡಿದು ನಿಂತು ಉಸಿರು ತಗೊಂಡು ಮತ್ತೆ ಬಂದಳು. ಬಸ್ಸು ಹತ್ತಿದ ಮೇಲೆ ನನ್ನ ಅಂಗಿಯ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಹೊಲಿಗೆ ಬಿಚ್ಚಿತು.

ಊರು ದಾಟುವಾಗ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದಳು. "ನನಗ ನೀವು ಬೇಕ್ರಿ. ಈಗ ಹೇಳದಿದ್ರ ಮತ್ತ ಮನಿಗೆ ಹೋಗಿ ಬಾಗ್ಲಾ ಹಾಕ್ಕೊಂಡಬಿಡ್ತೀನಿ."

ಇಷ್ಟುದ್ದ ನಾಲಿಗೆಯ ನನಗೆ ಒಂದಕ್ಷರ ಬರಲಿಲ್ಲ! ಕಂಡಕ್ಟರ್ ಬಂದು "ಎಲ್ಲಿಗ್ರಿ?" ಎಂದಾಗಲೂ ಬಾಯಿ ತೆರೆದೇ ಇತ್ತು.

ಅವಳೇ ಹೇಳಿದಳು. "ನಂದು ಆಧಾರ್ ಐತ್ರಿ. ಇವರಿಗೊಂದು ಖಾನಾಪುರ ಕೊಡ್ರಿ."

ಸಭಾಭವನದಲ್ಲಿ ಇದ್ದದ್ದು ಪಾಲಕರು ಮಾತ್ರ. ಹಾಡು ನಡುವೆ ಒಮ್ಮೆ ತಪ್ಪಿತು. ಅವಳು ಕೈ ಕೆಳಗಿಳಿಸಿ, ಮಕ್ಕಳನ್ನು ನೋಡಿ ನಕ್ಕು, ಮೊದಲಿಂದ ಶುರು ಮಾಡಿದಳು. ಈ ಸಲ ಅವರೊಂದಿಗೆ ತಾನೂ ಬಾಯಿಬಿಟ್ಟು ಹಾಡಿದಳು.

"ಆತು, ಬರದೆ," ಎಂದು ಫೋನು ಅವಳ ಕೈಗಿಟ್ಟೆ. "ಆದರ ಇದರಾಗ ನಾ ಏನ್ ಮಾಡಿದ್ನಿ ಹೇಳು? ಬರೇ ನಿಂತಿದ್ನಿ. ಇಂಥಾ ನಾಯಕನ್ನ ಯಾರ್ ಓದ್ತಾರ?"

ಅವಳು ಓದಿ ಮುಗಿಸಿ ನನ್ನ ಪಕ್ಕಕ್ಕೆ ಸರಿದು ಕುಳಿತಳು.

"ಎಲ್ಲಾರೂ ಹೊರಗ ಬಾ, ಹೊರಗ ಬಾ ಅಂತ ನನ್ನ ಎಳದವರಽ. ನೀವೊಬ್ರಽ ಅವತ್ತ ಕರೀಲಿಲ್ಲ, ಎಳೀಲಿಲ್ಲ."

"ಅಂಜಿಕಿಗೆ ಸುಮ್ಮನಿದ್ದೆ."

"ಗೊತ್ತೈತ್ರಿ," ಎಂದು ನನ್ನ ಕೈ ಹಿಡಿದಳು. "ನಿಮ್ಮ ಕಾಲೂ ನಡಗೂದು ಕಂಡಽ ನನಗ ಧೈರ್ಯ ಬಂದಿತ್ತು."